ಬೆಂಕಿ ಕಾಲಮ್ಮು

ಅಕ್ಕಲಕೋಟ, ಮೈಂದರ್ಗಿ ರಸ್ತಾ.
ಪತ್ರಾ ಶೆಡ್ಡು, ಮೂರು ಒಲಿ, ಐದು ಮಂದಿ ಹೆಣ್ಮಕ್ಕಳು.
ಮಲ್ಲಿನಾಥ ಬಿರಾಜದಾರ ಬಂದು
ಜೋಳದ ಚೀಲದ ಮ್ಯಾಲೆ ಕುಂತು
ಮರಾಠಿ ಫಾರ್ಮು ತೊಡಿ ಮ್ಯಾಲೆ ಹರವಿದ:
'ಮಹಾನಂದಾ ಅಕ್ಕಾ, ವರ್ಷಕ್ಕ ಎರಡು ಸಾವಿರದ ಮುನ್ನೂರ ನಲವತ್ತು.
ಬೆಂಕಿ, ಪೂರ, ಚೋರಿ, ಮೂರಕ್ಕೂ ಭರಪಾಯಿ.'

ನಾ ಬಾಯಾಗ ಲೆಕ್ಕ ಹಾಕಿದೆ.
ಒಂದು ಕಡಕ್ ರೊಟ್ಟಿಗೆ ಉಳಿಯೂದು ಎಂಟಾಣೆ.
ಅಂದ್ರ ನಾಕು ಸಾವಿರದ ಆರನೂರ ಎಂಬತ್ತು ರೊಟ್ಟಿ
ಬಡದು, ಸುಟ್ಟು, ಒಣಗಿಸಿ
ಯಾರೂ ತಿನ್ನದ ಒಂದು ಕಾಗದಕ್ಕ ಹಾಕಬೇಕು.

'ಬೆಂಕಿ ಅಪಾಯ ಅದ ಏನು?' ಅಂತ ಓದಿದ.
ಹೇಮಲತಾ ಹಿಟ್ಟಿನ ಕೈಲೆ ಬಾಯಿ ಮುಚ್ಕೊಂಡು ನಕ್ಕಳು.
ನಸುಕಿನ ನಾಕಕ್ಕ ನಾವೇ ಹಚ್ಚತೀವಿ,
ಅದು ಆರಿದ ದಿನಾನ ನಮಗ ಅಪಾಯ.

ಮತ್ತ ನಾ ಕೇಳಿದೆ:
ಹೋದ ಶ್ರಾವಣದಾಗ ಎಂಟು ದಿನ ಬಿಸಲ ಬೀಳಲಿಲ್ಲ,
ಏಳುನೂರು ರೊಟ್ಟಿ ತ್ಯಾವ ಹಿಡದು
ಮುರಿಬೇಕಾದವು ಅರಿವಿಗತೆ ಮಡಚಿದವು.
ಸೊಲ್ಲಾಪುರದ ಖಾನಾವಳಿಯವ ಡಬ್ಬಿ ತಿರುಗಿ ಕಳಿಸಿದ.
ಅದು ಯಾವ ಕಾಲಮ್ಮಿನಾಗ ಬರ್ತದ?
ಮಲ್ಲಿನಾಥ ಹಾಳಿ ತಿರುವಿದ, ಮತ್ತೊಂದು ತಿರುವಿದ.
'ಪೂರ ಬಂದ್ರ ಬರ್ತದ ಅಕ್ಕಾ. ತ್ಯಾವಕ್ಕ ಇಲ್ಲ.'

ರೊಟ್ಟಿ ತಿಂದು ಯಾರದರೆ ಹಲ್ಲು ಮುರದ್ರ?
'ಅದಕ ಬ್ಯಾರೆ ಪಾಲಿಸಿ.'
ಅಂವ ನಗಲಿಲ್ಲ. ಖರೇನ ಬ್ಯಾರೆ ಅದ ಅಂತ.

ಹೆದರಿಕಿ ಇಲ್ಲ ಅಂತಲ್ಲ.
ಬಾಜೂ ಗಲ್ಲಿ ನಾಮದೇವನ ಚಾದರಿನ ಗೋದಾಮು
ವಾಯರ್ ಸುಟ್ಟು ಒಂದು ರಾತ್ರಿನಾಗ ಬೂದಿ ಆತು.
ಅವಗ ವಿಮಾ ಇತ್ತು. ರೊಕ್ಕಾ ಬಂತು, ಹದಿನಾಕು ತಿಂಗಳಿಗೆ;
ಅಷ್ಟರಾಗ ಗಿರಾಕಿ ಬ್ಯಾರೆ ಅಂಗಡಿ ಹಾದಿ ಕಲತಿದ್ರು.
ಅದೇ ಗೋಡಿ ಆಚೆಕಿನ ತಮ್ಮಗ ವಿಮಾ ಇರಲಿಲ್ಲ.
ಈಗ ಮಂದಿ ಟಮ್‌ಟಮ್ ಹೊಡಿತಾನ,
ನಮ್ಮ ಡಬ್ಬಿ ಸ್ಟ್ಯಾಂಡಿಗೆ ಒಯ್ಯಾವನೂ ಅವನ.

'ಇರಲಿ, ಮಾಲಿನ ಕಿಮ್ಮತ್ತು ಬರಸು' ಅಂದ.
ಗಿರಣಿ, ಮೂವತ್ತೆಂಟು ಸಾವಿರ. ಹಂಚು ಮೂರು. ಚೀಲ ಒಂಬತ್ತು.
ರಖಮಾಬಾಯಿದು ಬಲಗೈ, ಅಂದೆ.
ಪೆನ್ನು ನಿಂತತು.
ಆಕಿ ತಟ್ಟಿದ್ರ ದೀಪ ಆಚೆ ಕಾಣತದ,
ಉಳದವರು ತಟ್ಟಿದ್ರ ರೊಟ್ಟಿ ಅಷ್ಟ.
ಹೋದ ದೀಪಾವಳಿಗೆ ಆಕಿ ಮಣಿಕಟ್ಟು ಸುಟ್ಟಾಗ
ಇಪ್ಪತ್ತು ದಿನ ಅರ್ಧಾ ಧಂದಾ ನಿಂತಿತ್ತು.

'ಮಂದೀದು ಇದರಾಗ ಇಲ್ಲ. ಅದೂ ಬ್ಯಾರೆ.'
ಎಷ್ಟು?
ಹೇಳಿದ. ಗಿರಣಿದಕ್ಕಿಂತ ಕಡಿಮಿ.
ರಖಮಾಬಾಯಿ ತಟ್ಟೂದು ನಿಲ್ಲಿಸಿ
ಒಮ್ಮೆ ತನ್ನ ಕೈ ತಾನ ನೋಡಿಕೊಂಡಳು,
ಮತ್ತ ತಟ್ಟಾಕ ಹತ್ತಿದಳು.

ಮೊದಲ ಅದರ ಫಾರ್ಮು ತಾ, ಅಂದೆ.
ಗಿರಣಿದು ದಸರಾದ ಮ್ಯಾಲೆ ನೋಡೂಣು.
ದಸರಾ ತನಕ ನಮ್ಮ ವಾಯರ್ ಸುಮ್ಮ ಇರ್ತದೋ ಏನೋ.
ಸಹಿ ಕನ್ನಡದಾಗ ನಡೀತದ?
'ನಡೀತದ.'

ಹೋಗುಮುಂದ ನಾಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟೆ.
ರೊಕ್ಕಾ ಕೊಟ್ಟ.
ತಗೊಂಡೆ.