ಕೊಸರು

ಹೈಸ್ಕೂಲಿನ ಹಲಗೆಗೆ ಮತ್ತೆ ಬಣ್ಣ ಹೊಡೆಯಲು ಕರೆದಿದ್ದಾರೆ.
ಸಾಗುವಾನಿ ಹಲಗೆ. ಮೊದಲು ಹತ್ತಿ ಮಿಲ್ಲಿನ ಗೋದಾಮಿನ ಬಾಗಿಲು.
ಬೀಗದ ತೂತು ಇನ್ನೂ ಇದೆ,
‘ಫುಟ್‌ಬಾಲ್’ ಎಂಬ ಅಕ್ಷರದ ಕೆಳಗೆ,
ಚೆಂಡು ಅಂದುಕೊಳ್ಳುತ್ತವೆ ಮಕ್ಕಳು.

ಮೊದಲ ಸಾಲು: ೧೯೮೬. ಜಿಲ್ಲಾ ಫೈನಲ್. ಸೋಲು.
ಎರಡು: ೧೯೮೭. ಅದೇ.
ಮೂರನೆಯ ವರ್ಷ ಪಿ.ಟಿ. ಮೇಷ್ಟ್ರು ತಿಪ್ಪೇರುದ್ರಪ್ಪ
‘ಸೋಲು ಬೇಡ ಕೊಟ್ರೇಶಿ, ದ್ವಿತೀಯ ಅಂತ ಬರಿ’ ಅಂದರು.
ಆಗ ನಂದು ಅಕ್ಷರಕ್ಕೆ ಎಂಟಾಣೆ.
ಮರ್ಯಾದೆ ಒಂದಕ್ಷರ ತುಟ್ಟಿಯಾಯಿತು.

ಅಂದು ದಾವಣಗೆರೆಗೂ ದುರ್ಗಕ್ಕೂ ಒಂದೇ ಜಿಲ್ಲೆ.
ಪ್ರತಿ ವರ್ಷ ಕೆಂಪು ಬಸ್ಸಿನಲ್ಲಿ ಹೋಗಿ,
ಕೋಟೆಯ ನೆರಳು ಮೈದಾನಕ್ಕಿಳಿಯುವ ಹೊತ್ತಿಗೆ ಸೋತು,
ಬರುವಾಗ ಹಿಂದಿನ ಸೀಟಿನಲ್ಲಿ
ಒಬ್ಬರ ಮೇಲೊಬ್ಬರು ಮಲಗಿಬಿಡುತ್ತಿದ್ದರು.

೧೯೯೧. ಗೋಲಿ ಬಕ್ಕೇಶಿ. ಆರು ಪಂದ್ಯ, ಬಿಟ್ಟ ಗೋಲು ಸೊನ್ನೆ.
ಇವತ್ತಿಗೂ ಯಾರೂ ಮುರಿಯದ ದಾಖಲೆ.
ಫೈನಲ್ಲಿನಲ್ಲೂ ಬಿಡಲಿಲ್ಲ ಪುಣ್ಯಾತ್ಮ.
ಅವರೂ ಬಿಡಲಿಲ್ಲ. ಕತ್ತಲಾಯಿತು.
ಪೆನಾಲ್ಟಿಗೆ ಬೆಳಕಿಲ್ಲವೆಂದು ರೆಫರಿ ನಾಣ್ಯ ಚಿಮ್ಮಿದ.
ಅದನ್ನೂ ಹಿಡಿಯಲು ಬಕ್ಕೇಶಿ ಕೈ ಚಾಚಿದ್ದನಂತೆ.
ದ್ವಿತೀಯ.

೧೯೯೭. ಜಿಲ್ಲೆ ಒಡೆಯಿತು.
ಅದೇ ವರ್ಷ ನಾವು ಮೊದಲ ಸಲ ಚಾಂಪಿಯನ್,
ದುರ್ಗದವರಿಲ್ಲದ ಜಿಲ್ಲೆಗೆ.
ಬಂಗಾರದ ಬಣ್ಣದಲ್ಲಿ ಬರೆಸಿದರು ಮೇಷ್ಟ್ರು.
ಕುಂಚ ಚೂರು ನಾಚಿತು. ಡಬ್ಬಿ ಮುಗಿಯುವವರೆಗೆ
ಇನ್ನೂ ನಾಲ್ಕು ವರ್ಷ ಬಂಗಾರವೇ.

ಆಮೇಲೆ ೨೦೦೩. ತುಮಕೂರು, ವಿಭಾಗ ಮಟ್ಟ.
ಎದುರಿಗೆ ಮತ್ತೆ ಅವರೇ. ಐದಕ್ಕೆ ನಾಲ್ಕು. ಗೆದ್ದೆವು!
ಮಂಡಕ್ಕಿ ಭಟ್ಟಿಗಳ ಹೊಗೆ ಅವತ್ತು
ಬೀದಿಯವರಿಗೆಲ್ಲ ಊದುಬತ್ತಿ.
ನಾನು ಬರೆದೆ:
ಒಂದೇ ಪಂದ್ಯದಲ್ಲಿ ಅತಿ ಹೆಚ್ಚು ಗೋಲು, ೫.
ಖಲಂದರ್, ಹತ್ತನೇ ಬಿ.

ಬಣ್ಣ ಒಣಗಿರಲಿಲ್ಲ, ಬಂದು ನಿಂತ ಹುಡುಗ.
‘ನಾಲ್ಕು ಅಣ್ಣ. ಐದನೇದು ನಂದಲ್ಲ.
ಅವರ ಬ್ಯಾಕಿನೋನು, ಓಬಳೇಶಿ ಅಂತ,
ತಲೆ ಕೊಟ್ಟು ಹೊರಗೆ ಹಾಕಾಕೆ ಹೋಗಿ ಒಳಗೆ ಹಾಕಿದ.
ಆಮ್ಯಾಲೆ ಅಲ್ಲೇ ಕುಂತ್ಕಂಡ. ಎತ್ತಾಕೆ ನಾನೇ ಹೋಗಿದ್ದೆ.’
ಮೇಷ್ಟ್ರು ಕೊಟ್ಟ ಚೀಟಿಯಲ್ಲಿ ಐದಿದೆ, ಅಂದೆ.
ಚೀಟಿ ಏನನ್ನುತ್ತೋ ನಾನು ಅದು.

ರಾಜ್ಯ ಮಟ್ಟದಲ್ಲಿ ಎಂಟರ ಘಟ್ಟ, ಬೀದರಿನಲ್ಲಿ ಮೂರು ಸೊನ್ನೆ.
ಆ ಅಂಕಿ ಬರೆಸಲಿಲ್ಲ. ‘ಭಾಗವಹಿಸಿದೆ’ ಎಂದಷ್ಟೇ.
ಅಲ್ಲಿಂದೀಚೆಗೆ ಹಲಗೆಯಲ್ಲಿ ಜಾಸ್ತಿ ಕೆಲಸವಿಲ್ಲ.
೨೦೧೯ರಲ್ಲಿ ಹೆಣ್ಣುಮಕ್ಕಳು ತಾಲ್ಲೂಕು ಗೆದ್ದರು;
ಅವರ ಕ್ಯಾಪ್ಟನ್ನಳ ಹೆಸರಲ್ಲಿ ಒಂದು ಒತ್ತು ಬಿಟ್ಟಿದ್ದೆ,
ಮಾರನೇ ದಿನವೇ ಚಾಕ್‌ಪೀಸಿನಿಂದ ತಾನೇ ಕೊಟ್ಟುಕೊಂಡಿದ್ದಳು.

ಮೇಷ್ಟ್ರು ಈಗಿಲ್ಲ. ಚೀಟಿಯೂ ಇಲ್ಲ.
ಹಳೇ ಬಣ್ಣ ಕೆರೆಯುವ ಮುಂಚೆ ಭಟ್ಟಿ ಬೀದಿಗೆ ಹೋದೆ.
ಖಲಂದರ್ ಗಲ್ಲದಲ್ಲಿ ನರೆ, ಮೊಣಕಾಲಿಗೆ ಪಟ್ಟಿ,
ಗಿರಾಕಿಗೆ ಮಂಡಕ್ಕಿ ಅಳೆಯುತ್ತಿದ್ದ.
‘ಈಗ ತಿದ್ದಲೇನೋ?’

ಸೇರು ತುಂಬಿದ. ಅಂಗೈಯಿಂದ ಗೀಟಿದ.
ಚೀಲಕ್ಕೆ ಸುರಿದು, ಮೇಲೊಂದು ಹಿಡಿ ಹಾಕಿದ.
‘ಅಳತೆ ನಾಲ್ಕು. ಅದು ಕೊಸರು.
ಕೊಸರು ವಾಪಸ್ ತಗಳಾದು ವ್ಯಾಪಾರ ಅಲ್ಲಣ್ಣ, ಇರ್ಲಿ ಬಿಡು.
ಕೊಟ್ಟೋನ ಹೆಸರು ಬರೆಯಾಕೆ ಜಾಗ ಐತೇನು, ನೋಡು.’

ಜಾಗವೆಲ್ಲಿ?
ಮೇಲೆ ಬಕ್ಕೇಶಿ, ಕೆಳಗೆ ಬೀದರು,
ಬಲಕ್ಕೆ ದಾನಿಗಳ ಪಟ್ಟಿ, ಅದರೊಳಗೆ ಮೂವರು ಗೌಡರು.
ದುರ್ಗದಲ್ಲಿ ಯಾವ ಹಲಗೆ ಇದೆಯೋ,
ಅದರಲ್ಲಿ ಆ ಓಬಳೇಶಿ ಇರಲಾರ. ಯಾರು ಬರೆಸುತ್ತಾರೆ?

ಎರಡು ಕೋಟು ಹಸಿರು ಹೊಡೆದು,
ಅಂಕಿ ಮತ್ತೆ ಐದೇ ಬರೆದೆ, ಹೊಟ್ಟೆ ಕೊಂಚ ಅಗಲ ಮಾಡಿ.
ಅದರೊಳಗೆ ಸೂಜಿಯಂಥ ಕುಂಚದಿಂದ
ಒಂದು ಓ.

ಸಂಜೆ ಹೆಡ್‌ಮೇಡಂ ಕನ್ನಡಕ ಏರಿಸಿ ನೋಡಿದರು:
‘ಇಲ್ಲೇನೋ ಬಣ್ಣ ಸಿಡಿದಿದೆಯಲ್ರೀ ಕೊಟ್ರೇಶಪ್ಪ,
ಒರೆಸಿಬಿಡಿ.’

ಒಣಗಿಬಿಟ್ಟಿದೆ ಮೇಡಂ, ಅಂದೆ.