ಮುಟ್ಟಿದಷ್ಟು ಹೊತ್ತು

ತ್ಬಿಲಿಸಿಯ ಸೊಲೊಲಾಕಿಯಲ್ಲಿ, ಹಿಪ್ಪುನೇರಳೆಯ ಬೇರು
ಗೋಡೆ ಸೀಳಿದ ಮನೆಯೊಂದರ ನೆಲಮಾಳಿಗೆ.
ಮೊದಲಿಲ್ಲಿ ದ್ರಾಕ್ಷಾರಸದ ಹಂಡೆಗಳಿದ್ದವಂತೆ.
ಈಗ ಎರಡು ಸ್ಪೀಕರು, ಒಂದು ಪರದೆ, ಒಂಬತ್ತು ಫೇಡರು,
ಮತ್ತೆ ಬೆಸಿಕ್, ಶೂ ಬಿಚ್ಚಿಟ್ಟು ಕೂತವನು.

ಅವನಿಗೆ ಕಲಿಸಿದ ಗುರಾಮನ ಕಾಲದಲ್ಲಿ
ಮಿಕ್ಸಿಂಗ್ ಎಂದರೆ ನಾಲ್ಕು ಕೈ.
ಕನ್ಸೋಲಿಗೆ ಕಾಗದದ ಪಟ್ಟಿ ಅಂಟಿಸಿ
ಪೆನ್ಸಿಲ್ಲಿನ ಗೀಟು: ಇಲ್ಲಿಗೆ ಏರಿಸು, ಇಲ್ಲಿಗೆ ಇಳಿಸು.
ಒಬ್ಬನ ಕೈ ತಪ್ಪಿದರೆ ಮತ್ತೆ ಮೊದಲಿಂದ.
ಕೊನೆಯ ಸ್ವರ ಆರುವವರೆಗೂ ಉಸಿರು ಹಿಡಿದು,
ಹಾಲು ಉಕ್ಕೀತೆಂದು ಒಲೆ ಮುಂದೆ ನಿಂತವರ ಹಾಗೆ.

ಈಗ ಹಾಲು ತಾನೇ ತಗ್ಗುತ್ತದೆ.
ಹಾಡಿನ ಉದ್ದಕ್ಕೂ ಒಂದು ಹಸಿರು ಗೆರೆ,
ಗೆರೆಯ ಮೇಲೆ ಚುಕ್ಕಿ. ಎಳೆದಂತೆ ದನಿ.
ಚುಕ್ಕಿ ಇಟ್ಟು ಅಂಗಳ ತುಂಬಿದವರಿಗೆ
ಇದೇನು ಹೊಸ ವಿದ್ಯೆಯಲ್ಲ.
ಆದರೂ, ಯಾರೂ ಮುಟ್ಟದೆ ಫೇಡರುಗಳು
ಮೇಲೆ ಕೆಳಗೆ ಓಡಾಡುವುದನ್ನು
ಅಪರಾತ್ರಿಯಲ್ಲಿ ಒಬ್ಬನೇ ನೋಡಿದರೆ ಮೈ ಜುಮ್ಮೆನ್ನುತ್ತದೆ.

ಹಾಡಿದವರು ಗುರಿಯಾ ಸೀಮೆಯ ಅಕ್ಕತಂಗಿ.
ಎತೇರಿಗೆ ಎಪ್ಪತ್ತೊಂಬತ್ತು, ನಾನುಲಿಗೆ ಎಪ್ಪತ್ತನಾಲ್ಕು.
ಅಕ್ಕನದು ಮೇಲುದನಿ, ಹುಂಜ ಬೇಲಿ ಹಾರಿದಂತೆ.
ತಂಗಿಯದು ಕೆಳದನಿ. ಅದಕ್ಕೆ ಅಲ್ಲಿ ಬಾನಿ ಎನ್ನುತ್ತಾರೆ;
ನಮ್ಮ ಬಾನಿಯ ಹಾಗೇ
ತುಂಬಿಕೊಂಡು ನೆಲಕ್ಕೆ ಕೂರುವುದು, ಸದ್ದಿಲ್ಲ.

ಮೂರು ರಾತ್ರಿ ಕೇಳಿ ಬೆಸಿಕನಿಗೆ ಕನಿಕರ ಹುಟ್ಟಿತು.
ಜೀವಮಾನವೆಲ್ಲ ಇವಳು ಮುಚ್ಚಿಹೋಗಿದ್ದಾಳೆ ಎಂದುಕೊಂಡ.
ಮೂರನೆಯ ನುಡಿಯಲ್ಲಿ ಎತ್ತಿದ, ಎರಡೂವರೆ ಡೆಸಿಬಲ್.
ಅಕ್ಕನ ಗೆರೆಗೆ ಅಷ್ಟೇ ಆಳದ ತಗ್ಗು.
ತಕ್ಕಡಿ ಹಿಡಿದವನ ಹೆಮ್ಮೆ.

ಗುರುವಾರ ಬಂದು ಕೂತರು, ಕೋಟು ಬಿಚ್ಚದೆ ಕೇಳಿದರು.
"ಯಾರಿವಳು, ಬಾಗಿಲು ತಳ್ಳಿಕೊಂಡು ಬರುವವಳು?" ಎಂದಳು ನಾನುಲಿ.
"ನೀವೇ."
"ನಾನಲ್ಲ."
ಆಮೇಲೆ, ಹಾಡುವಾಗಿನ ಅದೇ ತಗ್ಗಿದ ದನಿಯಲ್ಲಿ:
"ಇವಳ ಎಡಗಿವಿ ಹೋಗಿ ಹನ್ನೊಂದು ವರ್ಷ.
ಮೂರನೆಯ ನುಡಿಯಲ್ಲಿ ಶ್ರುತಿ ಜಾರುತ್ತಾಳೆ, ಕೂದಲೆಳೆಯಷ್ಟು.
ಅವಳಿಗಿಂತ ಮೊದಲೇ ನಾನು ಜಾರಿರುತ್ತೇನೆ.
ಬಿದ್ದಲ್ಲಿ ನೆಲ ಇರಬೇಕಲ್ಲ?
ನೀನು ನನ್ನನ್ನೆತ್ತಿ ತೋರಿಸಿದರೆ
ನೆಲ ಸರಿದದ್ದು ಊರಿಗೆಲ್ಲ ಕಾಣುತ್ತೆ."

ಬೆಸಿಕ್ ಅಕ್ಕಿಯ ಕಲ್ಲು ಆರಿಸುವವನಂತೆ
ಒಂದೊಂದೇ ಚುಕ್ಕಿ ಅಳಿಸಿದ.
ನಾನುಲಿ ರೊಟ್ಟಿ ತರಲು ಮೆಟ್ಟಿಲು ಹತ್ತಿ ಹೋದಳು.

ಅಷ್ಟು ಹೊತ್ತೂ ಎತೇರಿ, ಕಿಟಕಿಯ ಸಂದಿನಲ್ಲಿ
ಬೀದಿಯವರ ಕಾಲುಗಳು ಹಾದು ಹೋಗುವುದನ್ನು ನೋಡುತ್ತಿದ್ದವಳು,
"ಹುಡುಗಾ, ಬಲಗಿವಿ ಇನ್ನೂ ಇದೆ," ಎಂದಳು.
"ಜಾರುವುದು ಅವಳು. ಅವಳೊಬ್ಬಳೇ ಆಗಬಾರದಲ್ಲ ಅಂತ
ನಾನೂ ಇಳಿಯುತ್ತೇನೆ. ಹೇಳಬೇಡ ಅವಳಿಗೆ.
ಎತ್ತುವುದು ಯಾವುದರಲ್ಲಿ?"

ತಂಗಿಯ ಫೇಡರನ್ನು ಅವನು ಟಚ್‌ಗೆ ಹಾಕಿದ.
ಬೆರಳಿರುವಷ್ಟು ಹೊತ್ತು ಬರೆದುಕೊಳ್ಳುತ್ತದೆ,
ತೆಗೆದರೆ ಹಳೆಯ ಜಾಗಕ್ಕೆ ತಾನೇ ಮರಳುತ್ತದೆ.
ಎತೇರಿ ತೋರುಬೆರಳಿಟ್ಟಳು, ಕುದಿಯುವ ಪಾತ್ರೆ ಮುಟ್ಟುವಂತೆ.
ಮೂರನೆಯ ನುಡಿ ಬಂತು. ತಳ್ಳಿದಳು.
ಒಂದು ಸಾಲು, ಅದೂ ಪೂರ್ತಿಯಲ್ಲ.
ಬೆರಳು ತೆಗೆದಳು.
ಫೇಡರು ಮೆಲ್ಲಗೆ ಇಳಿದು ತನ್ನ ಜಾಗದಲ್ಲಿ ಕೂತಿತು.

ಪರದೆಯ ಮೇಲೀಗ ಹೊಸ ಗೆರೆ,
ಮುದಿಬೆರಳಿನ ನಡುಕವೆಲ್ಲ ಗರಗಸದ ಹಲ್ಲಾಗಿ ಮೂಡಿದೆ.
ನುಣುಪು ಮಾಡಲು ಒಂದು ಗುಂಡಿ ಇದೆ.
ಬೆಸಿಕ್ ಅದರ ಹತ್ತಿರ ಒಯ್ದ ಕೈಯಲ್ಲಿ
ಮೂಗು ಉಜ್ಜಿಕೊಂಡ.

ಮೆಟ್ಟಿಲ ಮೇಲೆ ಹೆಜ್ಜೆ. ದೋಣಿಯಂಥ ಉದ್ದ ರೊಟ್ಟಿ,
ಒಂದು ತುದಿ ಆಗಲೇ ಮುರಿದು ತಿಂದಾಗಿದೆ.
"ಅಳಿಸಿದೆಯಾ?" ಎಂದಳು ನಾನುಲಿ.
"ಅಳಿಸಿದೆ."