ಜಂತೆ

ಬೆನ್ನುಹುರಿಯ ಸುತ್ತಲಿನ ನೀರು, ಒಂದೇ ಹನಿ.
ಗಾಜಿನ ಪಟ್ಟಿಯ ಮೇಲೆ ಬಿಟ್ಟು, ಮುಚ್ಚಿ, ಕಣ್ಣಿಟ್ಟೆ.
ಬ್ಯೂನಸ್ ಐರಿಸ್. ಬೆಳಗಿನ ಜಾವ ಮೂರು ಗಂಟೆ.
ಕೆಳಗೆ ಆಂಬುಲೆನ್ಸ್ ಚಾಲಕರು
ಯೆರ್ಬಾ ಕಷಾಯ ಹೀರುತ್ತ ಫುಟ್‌ಬಾಲಿನ ಜಗಳ.

ಹಾಳೆಯಲ್ಲಿತ್ತು: ಸೆನೋಬಿಯಾ ಕೋಂದೋರಿ, ಮೂವತ್ತೆಂಟು.
ಊರು ಬೊಲಿವಿಯಾದ ಯಾವುದೋ ಕಣಿವೆ.
ಕೆಲಸ, ಜೀನ್ಸಿಗೆ ಜಿಪ್ಪು ಹೊಲಿಯುವುದು.
ಎಚ್‌ಐವಿ ಗೊತ್ತಾಗಿ ಮೂರು ವಾರ.
ಸಿಡಿ ಫೋರ್ ಎಣಿಕೆ ನಲವತ್ತೊಂದು.
ಎಡಗೈ ಮಾತು ಕೇಳುತ್ತಿಲ್ಲ.

ದಾಖಲಾದ ದಿನವೇ ಹೇಳಿದ್ದಳಂತೆ:
ಹೊಲಿಗೆ ಸೊಟ್ಟಗೆ ಹೋಗುತ್ತಿದೆ, ಮೇಸ್ತ್ರಿ ಬೈಯುತ್ತಾನೆ.
ತಲೆಯ ಚಿತ್ರದಲ್ಲಿ ಬಿಳಿ ಬಳೆಯಂಥದೊಂದು.
"ಬೆಕ್ಕು ಸಾಕಿದ್ದೀರಾ?" ಎಂದರು ಡಾಕ್ಟರು.
ಎಲ್ಲರಿಗೂ ಕೇಳುವುದು ಅದನ್ನೇ.
ಬೆಕ್ಕಿನ ಕಾಯಿಲೆಯ ಮದ್ದು ಹತ್ತು ದಿನ ಕೊಟ್ಟರು.
ಬಳೆ ದಪ್ಪವಾಯಿತು.
"ಬೆಕ್ಕಿರಲಿಲ್ಲ, ಅಡುಗೆಮನೆಯಲ್ಲಿ ಗಿನಿಹಂದಿಗಳಿದ್ದವು.
ಮಣ್ಣಿನ ಗೋಡೆ, ಹುಲ್ಲಿನ ಮಾಡು.
ದೀಪ ಆರಿಸಿದರೆ ಮೇಲಿಂದ ಬೀಳುತ್ತಿದ್ದವು, ವಿಂಚೂಕಾ."
ಯಾರೂ ಬರೆದುಕೊಳ್ಳಲಿಲ್ಲ.

ಮೊದಲು ಕಂಡದ್ದು ಅದಲ್ಲ,
ಅದು ತಳ್ಳಿದ ಕಣಗಳ ನಡುಕ.
ಆಮೇಲೆ ಅದೇ: ದಾರ ಕಳಚಿದ ಸೂಜಿ,
ಬಟ್ಟೆ ಹುಡುಕುತ್ತ.

ಜಂತೆಯ ಸಂದಿಯಿಂದ ಬಿದ್ದ ಹುಳ
ಏಳು ವರ್ಷದ ಹುಡುಗಿಯ ಕಣ್ಣಂಚಲ್ಲಿ ಉಂಡು
ಇದನ್ನು ಬಿಟ್ಟು ಹೋಗಿತ್ತು.
ಇದೋ, ಉಂಡ ಮನೆಯ ಜಂತೆ ಎಣಿಸುತ್ತ
ಎದೆಯ ಸ್ನಾಯುವಿನೊಳಗೆ ಮೂವತ್ತೊಂದು ವರ್ಷ.
ಅವಳು ಬಸ್ಸು ಹತ್ತಿದಾಗ ಹತ್ತಿತು.
ಗಡಿಯಲ್ಲಿ ಅವಳ ಕಾಗದ ಮೂರು ಸಲ ಕೇಳಿದರು,
ಇದರದು ಕೇಳಲಿಲ್ಲ.
ಕಾವಲಿನವರು ಒಬ್ಬೊಬ್ಬರೇ ಇಲ್ಲವಾದ ಮೇಲೆ
ಎದ್ದು ಮಹಡಿ ಏರಿತು.

ಡಾಕ್ಟರಿಗೆ ಫೋನು ಮಾಡಿದೆ.
ಎರಡು ಸಲ "ಏನು?" ಎಂದರು.

ಬೆಳಿಗ್ಗೆ ಗಾಲಿಕುರ್ಚಿಯಲ್ಲಿ ಬಂದಳು, ನನಗೂ ತೋರಿಸಿ ಎಂದು.
ನಿಯಮವಿಲ್ಲ. ತೋರಿಸಿದೆ.
ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವವಳ ಹಾಗೆ,
ಬಹಳ ಹೊತ್ತು ನೋಡಿದಳು.
"ಊರಿನ ಮನೆಗೆ ಈಗ ತಗಡು ಹೊದಿಸಿದ್ದಾರೆ.
ಗೋಡೆಗೆ ಗಿಲಾವು. ಸರ್ಕಾರದವರು ಬಂದು ಮದ್ದು ಹೊಡೆದು ಹೋದರಂತೆ.
ಅಮ್ಮ ಹೇಳಿದಳು, ಹುಡುಕಿದರೂ ಒಂದು ಹುಳ ಸಿಗುವುದಿಲ್ಲ."
ಮತ್ತೆ ಬಗ್ಗಿ ನೋಡಿದಳು.

ಇದಕ್ಕೆ ಅರವತ್ತು ದಿನದ ಗುಳಿಗೆ,
ಇನ್ನೊಂದರ ಗುಳಿಗೆ ಇರುವ ತನಕ.
ಎಡಗೈ ಯಾವಾಗ ಬರುತ್ತದೆ ಎಂದು ಕೇಳಿದಳು.
ನಾನು ಹನಿಗಳನ್ನಷ್ಟೇ ನೋಡುವವನು, ಎಂದೆ.

ಅವಳು ಹೋದ ಮೇಲೆ ಪಟ್ಟಿಯನ್ನು ಬ್ಲೀಚಿಗೆ ಹಾಕಿ
ದೀಪ ಆರಿಸುವಾಗ
ಯಾಕೋ ತಲೆ ಎತ್ತಿ ನೋಡಿದೆ.
ಬರೀ ಕಾಂಕ್ರೀಟು.